ಒಳಜೇಬು

ದೊಡ್ಡಟ್ಟಿ ಚೌಕಿಯ ಹತ್ತಿರ, ಲಾಡ್ಜಿನ ಮೆಟ್ಟಿಲ ಕೆಳಗೆ ನನ್ನ ಅಂಗಡಿ.
ಮದುವೆಯ ಕುಪ್ಯ ಹೊಲಿದಿದ್ದೇನೆ, ಠಾಣೆಯ ಖಾಕಿ ಹೊಲಿದಿದ್ದೇನೆ.
ಕುಪ್ಯಕ್ಕೊಂದು ಒಳಜೇಬು ಇಡು ಎಂದು
ಮೂವತ್ತೊಂದು ವರ್ಷದಲ್ಲಿ ಯಾರೂ ಕೇಳಿದ್ದಿಲ್ಲ.

ಧಾರಾವಾಹಿಯವರು ಬಂದದ್ದು ಮಾರ್ಚಿನಲ್ಲಿ, ಕಾಫಿ ಹೂ ಬಿಟ್ಟ ವಾರ.
ಬೂದು ಬಣ್ಣದ ಕೋಟು ಬೇಕು ಪೋಕರಾಕ,
ನಮ್ಮ ಡಿಟೆಕ್ಟಿವ್ ಮಫ್ತಿಯವನು.
ಕರಿಮೆಣಸಿನ ಗೋದಾಮಿನ ಕೊಲೆ ಪತ್ತೆ ಮಾಡಲು ಬಂದು
ಕೊಂದವನ ಮನೆಯಲ್ಲೇ ಉಂಡು ಕೈತೊಳೆಯುವ ಪಾತ್ರ.
ಎಡಗಡೆ ಒಳಗೊಂದು ಜೇಬಿರಲಿ,
ಕ್ಯಾಮೆರಾಕ್ಕೆ ಕಾಣಬೇಕು, ಎದುರಿಗಿರುವವನಿಗೆ ಕಾಣಬಾರದು.

ಎಡಗಡೆಯಲ್ಲ, ಎಂದೆ.
ಯಾಕೆ, ಎಂದರು.
ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ಸುಮ್ಮನಾದೆ.

ಪಾತ್ರದವನು ಧಾರವಾಡದ ಕಡೆಯ ಹುಡುಗ, ಬಲು ಮೆದು.
ಕೋಟು ತೊಟ್ಟು ನನ್ನ ಕನ್ನಡಿಯೆದುರು ಲಂಚ ತೆಗೆದುಕೊಂಡು ನೋಡಿದ.
ಸಂಬಳ ತಗೊಂಡ ಹಾಗಿತ್ತು,
ಕಣ್ಣಿಗೊತ್ತಿಕೊಳ್ಳುವುದೊಂದು ಬಾಕಿ.

ಕೈ ಚಾಚಬೇಡ ಮಗನೆ.
ಬಲಗೈಯಲ್ಲಿ ಪೆನ್ನಿರಲಿ, ಏನೋ ಬರೆಯುತ್ತಿರು.
ತಲೆಯೆತ್ತಿ ಫ್ಯಾನು ನೋಡು,
ಇದಕ್ಕೆ ಯಾರೂ ಎಣ್ಣೆ ಬಿಟ್ಟಿಲ್ಲವಾ ಎಂದು ಕೇಳು.
ಅಷ್ಟು ಸಾಕು. ಎಡಗೈ ತನ್ನ ಪಾಡಿಗೆ ಹೋಗಿ ಬರುತ್ತದೆ,
ಬಲಗಡೆಯ ಜೇಬಿಗೆ.
ಆಮೇಲೆ, ಮಕ್ಕಳು ಚೆನ್ನಾಗಿದ್ದಾರಾ ಅನ್ನು.

ಇಷ್ಟೆಲ್ಲಾ ನಿಮಗ ಹೆಂಗ ಗೊತ್ತರಿ, ಅಂದ.

ತೊಂಬತ್ತೆಂಟರಲ್ಲಿ ನನ್ನ ತಮ್ಮ ಅಂದ್ರು ಲಾರಿ ಓಡಿಸುತ್ತಿದ್ದ.
ಪೆರುಂಬಾಡಿಯಲ್ಲಿ ತಡೆದರು. ಮೇಲೆ ಶುಂಠಿ, ಕೆಳಗೆ ಬೀಟೆ.
ಬೀಟೆಯ ಯಜಮಾನನ ಹೆಸರು ಕಾಗದಕ್ಕೆ ಬರಲೇ ಇಲ್ಲ.
ತಮ್ಮನ ಹೆಸರು ಬಂದಿತ್ತು, ಅಳಿಸಲು ಒಂಬತ್ತು ಸಾವಿರ.
ಆಯಿಷಾಳ ಕಿವಿಯ ಅಲಿಕತ್ತು ಅಡವಿಟ್ಟು ಹೋದೆ.
ಫ್ಯಾನು ಕಿರ್ರೆನ್ನುತ್ತಿತ್ತು.
ಖಾಕಿ ಜರ್ಕಿನಿಗೆ ನಾನೇ ಇಟ್ಟ ಒಳಜೇಬು,
ಅದರೊಳಗೆ ನನ್ನದೇ ನೋಟು ಇಳಿಯುವಾಗ
ಕಣ್ಣು ಹೋದದ್ದು ಹೊಲಿಗೆಯ ಮೇಲೆ.
ಬಿಡುತ್ತದೇನೋ ಎಂದು ನೋಡಿದೆ.
ಗಟ್ಟಿಯಿತ್ತು.

ಇದನ್ನೆಲ್ಲ ಹುಡುಗನಿಗೆ ಹೇಳಲಿಲ್ಲ.
ತೋಳು ಅರ್ಧ ಇಂಚು ಉದ್ದವಾಯಿತು, ಬಿಚ್ಚು, ಎಂದೆ.

ಜುಲೈಯಲ್ಲಿ ಟಿವಿಗೆ ಬಂತು, ರಾತ್ರಿ ಒಂಬತ್ತೂವರೆ.
ಅಂಗಡಿಯಲ್ಲಿ ಆ ಹೊತ್ತು ಒಬ್ಬರೇ ಗಿರಾಕಿ.
ಹೆಸರು ಬೇಡ, ಅಳತೆ ಪುಸ್ತಕದಲ್ಲಿದೆ:
ಸೊಂಟ ನಲವತ್ತೆರಡು. ಆಗ ಮೂವತ್ತಾರಿತ್ತು.
ಪೆನ್ಶನ್ ಬಂದ ಮೇಲೆ ಮೂರನೆಯ ಸಲ ಪ್ಯಾಂಟು ಬಿಡಿಸಲು ಬಂದು
ಸ್ಟೂಲಿನ ಮೇಲೆ ನಿಂತಿದ್ದರು, ನಾನು ಅವರ ಕಾಲ ಬಳಿ.

ಡಿಟೆಕ್ಟಿವ್ ಪೆನ್ನು ಹಿಡಿದ. ಫ್ಯಾನು ನೋಡಿದ.
ಇದಕ್ಕೆ ಯಾರೂ ಎಣ್ಣೆ ಬಿಟ್ಟಿಲ್ಲವಾ, ಅಂದ.

ಸಾಹೇಬರು ನಕ್ಕರು, ಸ್ಟೂಲು ಅಲ್ಲಾಡುವ ಹಾಗೆ.
ಆಮೇಲೆ ನಗು ನಡುವೆ ಎಲ್ಲೋ ನಿಂತಿತು.
ಎಡಗೈ ಮೇಲೇರಿ
ಎದೆಯ ಬಲಗಡೆ ಏನೋ ತಡವಿ ಇಳಿಯಿತು.
ಇವನಿಗೆ ಯಾರೋ ಹೇಳಿಕೊಟ್ಟಿದ್ದಾರೆ ಪೋಕರೇ.

ನನ್ನ ತುಟಿಯ ನಡುವೆ ಆರು ಗುಂಡುಸೂಜಿ.
ಬಾಯ್ಬಿಡುವ ಹಾಗಿರಲಿಲ್ಲ.

ನೂರ ಹನ್ನೆರಡನೆಯ ಕಂತಿನಲ್ಲಿ ಡಿಟೆಕ್ಟಿವ್ ಸತ್ತ.
ಕೆಂಪು ಬಣ್ಣ ತೊಳೆಸಿ ಕೋಟು ವಾಪಸು ಕಳಿಸಿದರು:
ಅವನ ಜಾಗಕ್ಕೆ ಬರುವವನು ಪ್ರಾಮಾಣಿಕ,
ಹೊಸದಕ್ಕೆ ಬಜೆಟ್ಟಿಲ್ಲ, ಜೇಬು ಮುಚ್ಚಿ ಕೊಡಿ.

ಮುಚ್ಚಿದೆ.
ಮೆಷಿನಿಗೆ ಕೊಡಲಿಲ್ಲ, ಕೈಯಲ್ಲೇ ಕಚ್ಚಾ ಹೊಲಿಗೆ ಹಾಕಿದೆ.
ಬಟ್ಟೆ ಚೆನ್ನಾಗಿದೆ,
ಸುಮ್ಮನೆ ಯಾಕೆ ತೂತು ಮಾಡುವುದು.