ನೆಲದ ಮೊಟ್ಟೆ

ಬಾಪ್ಪ, ಚಪ್ಪಲಿ ಸುಣ್ಣದ ತೊಟ್ಟೀಲಿ ಅದ್ದಿ ಒಳಗೆ ಬಾ.
ಹಾಸನದ ಪಶು ಕಾಲೇಜಿನೋನು ನೀನೇ ತಾನೆ?
ನಿನ್ನೇನೇ ಹೇಳಿದ್ರು ಸಾಹುಕಾರ್ರು: ದ್ಯಾವೀರಮ್ಮ,
ಹುಡುಗ ಗಡಿಯಾರ ಹಿಡ್ಕೊಂಡು ನಿನ್ನ ಹಿಂದೆ ಓಡಾಡ್ತಾನೆ,
ನಾಚ್ಕೋಬೇಡ, ದಿನಾ ಮಾಡೋ ಹಂಗೇ ಮಾಡು.
ಯಾರಾದ್ರೂ ನೋಡ್ತಿರುವಾಗ
ದಿನಾ ಮಾಡೋ ಹಂಗೆ ಮಾಡಕ್ಕಾಗುತ್ತೇನಪ್ಪ?
ಆಗಲೇ ಎರಡು ಸಲ ಸೆರಗು ಸರಿ ಮಾಡ್ಕೊಂಡೆ.
ಅದನ್ನೂ ಬರ್ಕೋ.

ಇದು ಪಂಜರದ ಶೆಡ್ಡು.
ನಾಲ್ಕು ಸಾವಿರ ಕೋಳಿಗೆ ನಾನೊಬ್ಬಳು.
ತಂತಿ ಇಳಿಜಾರು. ಇಟ್ಟಿದ್ದು ತಾನೇ ಉರುಳಿ
ಮುಂದೆ ಬಂದು ನಿಲ್ಲುತ್ತೆ, ಬಸ್ಸಿಗೆ ಕಾಯೋ ಹಂಗೆ.
ಕೈ ಹಾಕು, ತೆಗಿ, ಟ್ರೇಗಿಡು. ಮೂವತ್ತಾದ್ರೆ ಇನ್ನೊಂದು ಟ್ರೇ.
ಬಗ್ಗೋ ಮಾತೇ ಇಲ್ಲ.
ಮಣಿಕಟ್ಟು ಮಾತ್ರ ರಾತ್ರಿಯೆಲ್ಲಾ ತೆಗೀತಾನೇ ಇರುತ್ತೆ.
ಯಾಕೆ ಗೋಡೆ ಕೆರೀತೀಯ ಅಂತ ಕೇಳ್ತಾರೆ ನಮ್ಮೋರು.
ಸತ್ತಿದ್ದನ್ನ ಹುಡುಕೋದೂ ಇಲ್ಲಿ ಸುಲಭ.
ಮಿಕ್ಕ ಮೂರು ಅದರ ಮೇಲೇ ನಿಂತಿರ್ತವೆ.
ಏನಂತ ಬರ್ದೆ? ಟ್ರೇಗೆ ಒಂದು ನಿಮಿಷ ಐದು ಸೆಕೆಂಡು?
ಇರ್ಬೋದು. ಇದು ವತ್ತಾರೆಯ ಕೈ.
ಊಟ ಆದ್ಮೇಲಿನ ಕೈಯನ್ನೂ ಅಳಿ.

ಹಿಂದಲ ಶೆಡ್ಡಲ್ಲಿ ಹೋದ ವರ್ಷ ಪಂಜರ ಕಿತ್ರು.
ನೆಲದ ಮೇಲೆ ಓಡಾಡಿದ ಕೋಳಿ ಮೊಟ್ಟೆಗೆ
ಬೆಂಗಳೂರಲ್ಲಿ ಜಾಸ್ತಿ ಕಾಸಂತೆ.
ಕೋಳಿ ರೆಕ್ಕೆ ಪೂರ್ತಿ ಬಿಚ್ಚಿ ಕೊಡವಿದ್ದು
ಹನ್ನೊಂದು ವರ್ಷದಲ್ಲಿ ಅವತ್ತೇ ನಾನು ನೋಡಿದ್ದು.
ಖಾಲಿ ಟ್ರೇ ಎದೆಗೆ ಆನಿಸ್ಕೊಂಡು ಹಂಗೇ ನಿಂತುಬಿಟ್ಟೆ.
ಮೇಸ್ತ್ರಿ ಬೈದ.
ಎಷ್ಟು ನಿಮಿಷ ನಿಂತಿದ್ನೋ, ನೀನಿರಲಿಲ್ಲ.

ಈಗ ಮೊಟ್ಟೆ ಬಸ್ಸಿಗೆ ಕಾಯಲ್ಲ.
ಸಾಲಾಗಿ ಗೂಡು ಕಟ್ಟಿಸಿ ಹುಲ್ಲು ಹಾಸಿದ್ದಾರೆ,
ಹೇಳಿದ ಮಾತು ಕೇಳೋವು ಅಲ್ಲಿಡ್ತವೆ.
ಉಳಿದವಕ್ಕೆ ಮೂಲೆ ಬೇಕು, ನೀರಿನ ಪೈಪಿನ ಅಡಿ ಬೇಕು,
ತೆಂಗಿನ ನಾರಿನ ಪುಡಿ ಕೆರೆದು ಗುಳಿ ಮಾಡಿ
ಗುಟ್ಟಾಗಿ ಇಟ್ಟು
ದೂರ ಬಂದು ಊರಿಗೆಲ್ಲಾ ಕೂಗಿ ಹೇಳ್ತವೆ.
ಬಗ್ಗು. ಒಂದು. ಏಳು.
ನಾಕು ಹೆಜ್ಜೆ. ಬಗ್ಗು.
ಮೊಟ್ಟೆ ಅಲ್ಲ,
ತಗಡಿನ ಮೊಳೆ ತೂತಿಂದ ಬಿದ್ದ ಬಿಸಿಲ ಬಿಲ್ಲೆ.
ಅದಕ್ಕೂ ಬಗ್ಗಿದ್ದು ಬಗ್ಗಿದ್ದೇ ತಾನೆ?
ನಿನ್ನ ಕಾಗದದಲ್ಲಿ ಅದಕ್ಕೊಂದು ಮನೆ ಗೀಚಿದೀಯ?

ಬಿಟ್ರೆ ಒಂದರ ನೋಡಿ ಒಂದು ಅಲ್ಲೇ ಇಡ್ತವೆ.
ಅದಕ್ಕೇ ಬೆಳಕು ಹರಿಯೋಕೆ ಮುಂಚೆ ಒಂದು ಸುತ್ತು,
ಕಾಫಿ ಆದ್ಮೇಲೆ ಒಂದು, ಆಮೇಲೆ ಎಣಿಸಲ್ಲ.
ನಡುವೆ ಪುಡಿ ತಿರುವಿ ಹಾಕ್ಬೇಕು,
ಹಾಕದಿದ್ರೆ ರೊಟ್ಟಿ ಕಟ್ಟುತ್ತೆ, ಅವುಗಳ ಕಾಲು ಕೊಳೆಯುತ್ತೆ,
ಹಾಕಿದ್ರೆ ಧೂಳು, ನಮ್ಮ ಗಂಟಲು.
ಅರಸೀಕೆರೆ ಶಂಷಾದ್ ಇದ್ದಳು ಜೊತೆಗೆ.
ಮಂಡಿ ಹೋಯ್ತು ಅಂತ ಗಾರ್ಮೆಂಟ್ಸಿಗೆ ಸೇರಿದಳು.
ಅಲ್ಲಿ ಕೂತ್ಕೊಂಡೇ ಕೆಲಸ.
ಈಗ ಫೋನಲ್ಲಿ ಸೊಂಟ ಅಂತಾಳೆ.
ಅವಳ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ,
ನಿನ್ನ ಲೆಕ್ಕ ಬರ್ಲಿ ಅಂತ ಕಾಯ್ತಿದಾರೆ ಸಾಹುಕಾರ್ರು.

ಯಾವುದರಲ್ಲಿ ಕೆಲಸ ಕಮ್ಮಿ ಅಂದ್ಯಲ್ಲ,
ಪಂಜರದಲ್ಲೇ ಕಣಪ್ಪ, ಸುಳ್ಳು ಯಾಕೆ?
ಮತ್ತೆ ಅಲ್ಲಿಗೇ ಹೋಗ್ತೀಯ ಅಂದ್ರೆ
ಗೊತ್ತಿಲ್ಲ ಅಂತ ಬರ್ಕೋ.
ಮಂಡಿಗೊಂದು ಉತ್ತರ ಐತೆ, ಕಣ್ಣಿಗೊಂದು.

ಆರು ಗಂಟೆ. ಕೂಲಿ ಮುಗೀತು, ನೀನೂ ಗಡಿಯಾರ ಒತ್ತಿದೆ.
ಬಾಣಾವರದ ಕಡೆ ರೈಲು ಕೂಗ್ತು.
ಎಲ್ಲಾ ಒಳಗೆ ಹೋದ್ವು. ಒಂದು ಮಾತ್ರ
ಬೇಲಿ ಮೂಲೆ ಹೊಂಗೆ ಮರದ ಮೇಲೆ,
ಕತ್ತು ಬೋಳು, ಎಡಗಾಲಿಗೆ ಕೆಂಪು ದಾರ.
ದಿನಾ ಇದೇ ಅದರ ಆಟ.
ಬಿಟ್ಟು ಹೋದ್ರೆ ಮುಂಗುಸಿಗಾಗುತ್ತೆ,
ಕರೆದ್ರೆ ಬರಲ್ಲ, ಹಿಡಿಯೋಕೆ ಹೋದ್ರೆ ಇನ್ನೊಂದು ಕೊಂಬೆ.
ಸುಮ್ನೆ ನಿಂತಿರ್ಬೇಕು, ಕೆಲಸ ಇಲ್ಲದೋರ ಹಂಗೆ.
ಕತ್ತಲು ಅದರ ಮೈಗೆ ತಾಕಿದ ಮೇಲೆ
ತಾನಾಗಿ ಇಳಿಯುತ್ತೆ.

ಪೆನ್ನು ಜೇಬಿಗೆ ಇಟ್ಕೊ ಮಗ.
ಆ ಕಡೆ ಬಾಗಿಲು ಹಿಡ್ಕೊ.
ಉಸಿರು ಮೆಲ್ಲಗೆ.