ಮಿಂಚನಾಳ, ಒಂದಕ್ಕೆ ಎಂಬತ್ತೇಳು

ಹಗಲು ನಾನು ಹಲ್ಲು ಮಾಡುತ್ತೇನೆ.
ವಿಜಯಪುರದ ಸ್ಟೇಷನ್ ರೋಡಿನ ಮಾಳಿಗೆಯ ಮೇಲೆ
ಡಾಕ್ಟರರ ಬೋರ್ಡಿನ ಹಿಂದೆ
ನನ್ನ ಹೆಸರಿಲ್ಲದ ಲ್ಯಾಬು.
ರಾತ್ರಿ ಅದೇ ಮೇಜಿನ ಇನ್ನೊಂದು ತುದಿಗೆ
ಅದೇ ಪ್ಲಾಸ್ಟರು, ಅದೇ ಮೇಣದ ಚಾಕು:
ಮಿಂಚನಾಳ ಸ್ಟೇಷನ್.

ಹಳಿಯ ಅಗಲ ಹನ್ನೆರಡು ಮಿಲಿಮೀಟರು.
ಬ್ರಾಡ್‌ಗೇಜ್ ಬರುವ ಮೊದಲಿನ ಸಣ್ಣ ಗಾಡಿ ಅದು,
ಅದರಲ್ಲಿ ನಾನೊಮ್ಮೆ ವಾಂತಿ ಮಾಡಿಕೊಂಡದ್ದು ಬಿಟ್ಟರೆ
ಬೇರೇನೂ ನೆನಪಿಲ್ಲ.

ಮಣ್ಣು ಕಷ್ಟ ಕೊಟ್ಟಿತು.
ಡೋಣಿ ದಂಡೆಯ ಎರೆಮಣ್ಣನ್ನೇ ತಂದು
ಬಟ್ಟೆಯಲ್ಲಿ ಸೋಸಿ ಹರವಿದೆ.
ಎರೆಹೊಲ ಕಾಣಲಿಲ್ಲ, ಇದ್ದಿಲ ಚೀಲ ಹರಿದಂತಿತ್ತು.
ದೂರ ನಿಂತರೆ ಕಪ್ಪೂ ಬೆಳ್ಳಗಾಗುತ್ತದೆಂದು
ತಿಳಿಯಲು ಒಂದು ಬೇಸಿಗೆ ಬೇಕಾಯಿತು.
ಬೂದು ಪ್ಲಾಸ್ಟರು ಬೆರೆಸಿ ಹೀಟರ್ ಮುಂದಿಟ್ಟೆ.
ಬಿರುಕು ತಾನೇ ಬಿಟ್ಟಿತು,
ನಾನು ಗೀರಿದ ಯಾವ ಬಿರುಕಿಗಿಂತಲೂ ಚಂದ.

ಹಳೆ ಬ್ರಷ್ಷಿನ ಕೂದಲು ಜೋಳವಾಯಿತು.
ಬೇಲಿಯ ಮೇಲೆ ಕಾಗದದ ಹೂ,
ಒಸಡಿಗೆಂದು ತರಿಸಿದ ಗುಲಾಬಿ ಪುಡಿಯದು.
ಗೂಡ್ಸ್ ಡಬ್ಬಿಯ ತುಕ್ಕು ಮಾತ್ರ ಬಣ್ಣವಲ್ಲ,
ಲ್ಯಾಬಿನ ಕಿಟಕಿ ಸರಳಿನಿಂದ ಕೆರೆದು ಅರೆದದ್ದು.

ಎಲ್ಲ ಇತ್ತು. ಗಾಡಿ
ನೀರಿನ ಕಂಬದ ಹತ್ತಿರ ಬಂದ ಕೂಡಲೇ ಹಳಿ ತಪ್ಪುತ್ತಿತ್ತು.
ಮೂರು ತಿಂಗಳು ಗಾಲಿಗಳನ್ನು ಬೈದೆ.
ಗಾಲಿ ಬದಲಿಸಿ ಮತ್ತೆ ಬೈದೆ.

ಹಸನ್‌ಡೋಂಗ್ರಿ ಮಾಮಾ ಬಂದದ್ದು
ಕೆಳಗಿನ ಸೆಟ್ ಕರವಸ್ತ್ರದಲ್ಲಿ ಸುತ್ತಿಕೊಂಡು.
“ಕುಣೀತೈತಿ ಯವ್ವಾ.
ರೊಟ್ಟಿ ಒಂದ್ ಕಡೆ ಹೋದ್ರ ಹಲ್ಲು ಒಂದ್ ಕಡೆ.”
ಮೂವತ್ತೊಂದು ವರ್ಷ ಕೀಮ್ಯಾನ್, ದಿನಾ ಹಳಿಗುಂಟ ನಡೆದವರು.
ನನಗದು ಗೊತ್ತಾದದ್ದು
ಅವರು ಮಿಂಚನಾಳದ ಮೇಲೆ ಬಾಗಿ, ಕನ್ನಡಕ ಹಣೆಗೇರಿಸಿ,
ಬಹಳ ಹೊತ್ತು ಸುಮ್ಮನಿದ್ದು,
“ಸಿಗ್ನಲ್ ಬಿದ್ದೈತಿ,
ಪ್ಲಾಟ್‌ಫಾರ್ಮಿನ್ಯಾಗ ಒಬ್ಬರೂ ಎದ್ದಿಲ್ಲ” ಎಂದಾಗ.

ನಾನು ನಕ್ಕೆ. ಅವರು ನಗಲಿಲ್ಲ,
ಹಲ್ಲು ನನ್ನ ಕೈಯಲ್ಲಿದ್ದವು.
ಹೆಬ್ಬೆರಳಿನ ಉಗುರು ಹಳಿಯ ಮೇಲಿಟ್ಟು
ಸೊಲ್ಲಾಪುರದ ಕಡೆಯಿಂದ ನಿಧಾನ ಎಳೆಯುತ್ತ ಬಂದರು,
ಲೂಪ್ ದಾಟಿ, ಪಾಯಿಂಟ್ ದಾಟಿ.
ನೀರಿನ ಕಂಬದ ಹತ್ತಿರ ಉಗುರು ನಿಂತಿತು.
“ಇಲ್ಲೆ. ಜಾಯಿಂಟ್ ಕುಂತೈತಿ.
ಗಾಲೀದೇನೂ ತಪ್ಪಿಲ್ಲ, ಪಾಪ.”

ನನಗೆ ಕಾಣಲಿಲ್ಲ. ಭೂತಗನ್ನಡಿಗೂ ಕಾಣಲಿಲ್ಲ.
ಆಮೇಲೆ ಹೊಳೆಯಿತು, ಡ್ರಾಯರಿನಲ್ಲಿದೆಯಲ್ಲ ನೀಲಿ ಕಾಗದ,
ಕಚ್ಚಿಸಿದರೆ ಎತ್ತರವಿದ್ದಲ್ಲಿ ಮಾತ್ರ ಕಲೆ ಬಿಡುವಂಥದು.
ಒಂದು ಎಳೆ ಕತ್ತರಿಸಿ ಹಳಿಯ ಮೇಲಿಟ್ಟು ಡಬ್ಬಿ ಉರುಳಿಸಿದೆ.
ಜಾಯಿಂಟಿನ ಆಚೆ ನೀಲಿ, ಈಚೆ ನೀಲಿ,
ನಡುವೆ ಅಕ್ಕಿಕಾಳಿನಷ್ಟು ಬರೀ ಬೆಳ್ಳಿ.

“ಪ್ಯಾಕಿಂಗ್ ಕೊಡಬೇಕು” ಎಂದು
ಬೀಡಿ ಕಟ್ಟಿನ ಕಾಗದ ಹರಿದು, ಎರಡು ಮಡಿಕೆ ಮಾಡಿ
ತಾವೇ ಹಳಿಯ ಕೆಳಗೆ ತಳ್ಳಿದರು.
ಉಳಿದ ನೀಲಿ ಚೂರನ್ನು ಅವರಿಗೇ ಕಚ್ಚಲು ಕೊಟ್ಟೆ.
ಬಲಗಡೆ ಎರಡನೇ ದವಡೆಯಲ್ಲಿ ಕಲೆ.
ಕೂದಲೆಳೆಯಷ್ಟು ತೇಯ್ದೆ, ಪಾಲಿಶ್ ಮಾಡಿ ಪಕ್ಕಕ್ಕಿಟ್ಟೆ.

ಗಾಡಿ ಬಿಟ್ಟೆವು.
ನೀರಿನ ಕಂಬ ದಾಟಿತು.
ಕಾಗದದ ಹೂವಿನ ನೆರಳೂ ಅದರ ಮೇಲೆ ಹಾಯಿತು.
ಮಾಮಾ ಗಾಡಿಯನ್ನು ನೋಡುತ್ತಿರಲಿಲ್ಲ,
ಅದು ಹೋದ ಮೇಲಿನ ಹಳಿಯನ್ನು ನೋಡುತ್ತಿದ್ದರು,
ಎರಡೂ ಕಡೆ, ಬಾಗಿ.
“ಬಿಲ್ಲಿನ್ಯಾಗ ಐವತ್ತು ಕಡಿಮಿ ಮಾಡು” ಅಂದರು.

ಮೆಟ್ಟಿಲಿಳಿದು ಹೋದ ಮೇಲೆ ನೋಡುತ್ತೇನೆ,
ಕೆಳಗಿನ ಸೆಟ್ ಎರೆಹೊಲದಲ್ಲೇ ಉಳಿದಿದೆ,
ಸ್ಟೇಷನ್ ಮಾಸ್ತರನಷ್ಟು ಎತ್ತರ,
ಬಣವಿಯಷ್ಟು ಅಗಲ,
ಜೋಳದ ನಡುವೆ ಬಾಯಿ ತೆರೆದುಕೊಂಡು.

ನಾಳೆ ಬರುತ್ತಾರೆ.
ಅಷ್ಟರಲ್ಲಿ ಬೆಂಚಿಗೆ ಅಂಟಿಸಿದ ಆ ಇಬ್ಬರನ್ನು
ಬಿಡಿಸಿ, ಮೊಣಕಾಲು ನೆಟ್ಟಗೆ ಮಾಡಿ, ಎದ್ದು ನಿಲ್ಲಿಸಬೇಕು.
ಸಿಗ್ನಲ್ ಬಿದ್ದಿದೆ.