ಮೀನಾದ ಬೆಳಗು

ಭಟ್ಕಳದ ರಾತ್ರಿ ಬಸ್ಸಿನ ಡಿಕ್ಕಿಯಲ್ಲಿ
ಗೋಣಿ ಸುತ್ತಿಕೊಂಡು ಬಂದಿತ್ತು ಪಾರ್ಸಲ್ಲು.
ಬಿಚ್ಚಿದರೆ ತೆಂಗಿನಕಾಯಿ ಗಾತ್ರದ ಗಾಳದ ರಾಟೆ,
ಹಿಡಿ ಸಡಿಲ, ಒಳಗಿನ ಬಿಲ್ಲೆಗಳು ಸುಟ್ಟು ಕರಕು,
ಹಲ್ಲುಹಲ್ಲಿಗೂ ಬಿಳೀ ಉಪ್ಪು.
ಜೊತೆಗೆ ಶನಿಯಾರ ಮೊಗೇರರ ಚೀಟಿ:
“ಕಂಪನಿಯವರು ಬಿಡಿಭಾಗ ಇಲ್ಲವೆಂದರು.
ಗಾಳದ ಹುಚ್ಚಿನವರು ನಾಲ್ಕು ಜನ
ನನ್ನ ದೋಣಿ ಗೊತ್ತು ಮಾಡಿದ್ದಾರೆ.
ನೇತ್ರಾಣಿಯ ಆಚೆ ಕಟ್ಟೆಕೊಂಬು ಎದ್ದಿದೆ.
ಹುಣ್ಣಿಮೆಯೊಳಗೆ ಬೇಕು.”

ಕಟ್ಟೆಕೊಂಬು ಅಂದರೇನೆಂದು
ಬೇತೂರು ರಸ್ತೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.
ಮೌನೇಶಾಚಾರ್ರು ಕಂಡ ಮೀನು ಬಾತಿ ಕೆರೆಯ ಕಾಟ್ಲಾ ಒಂದೇ,
ಅದನ್ನೂ ತಿನ್ನುವವರಲ್ಲ.
ಎಣ್ಣೆ ಬೆರಳಲ್ಲಿ ರಾಟೆ ತಿರುಗಿಸಿ, ಕಿವಿಗೆ ಹಿಡಿದು,
“ಇದರ ಕೆಲಸ ಹಿಡಿಯೋದಲ್ಲಲೇ ದಾದಾಪೀರ,” ಅಂದರು,
“ಬಿಡೋದು. ತಡೆದು ತಡೆದು ಬಿಡೋದು.”

ಮುಚ್ಚಿದ ಗಿರಣಿಯ ಗುಜರಿಯಲ್ಲಿ ತಂದಿದ್ದ
ಪಟ್ಟಾ ಚರ್ಮ ಮೂಲೆಯಲ್ಲಿ ಸುರುಳಿಯಾಗಿತ್ತು.
ಅದರಿಂದ ಐದು ಬಿಲ್ಲೆ.
ಹಿತ್ತಾಳೆಯವು ನಾಲ್ಕು, ಲೇತಿನ ಮೇಲೆ
ಕೂದಲೆಳೆ ಕೂದಲೆಳೆ ಇಳಿಸಿ.
ಮೂರು ರಾತ್ರಿ. ತಂದಿಟ್ಟ ಚಹಾ ಕೆನೆಗಟ್ಟಿತು.

ಪರೀಕ್ಷೆಗೆ ಸಮುದ್ರ ಎಲ್ಲಿಂದ ತರೋಣ?
ಟಿವಿಎಸ್ ಇತ್ತು. ನಾನಿದ್ದೆ.

ಭಾನುವಾರ, ಇನ್ನೂ ಆರು ಹೊಡೆದಿರಲಿಲ್ಲ.
ರಾಟೆಯನ್ನು ವೈಸಿಗೆ ಕಚ್ಚಿಸಿ
ದಾರದ ತುದಿ ನನ್ನ ಕ್ಯಾರಿಯರಿಗೆ ಬಿಗಿದು,
“ಈಗ ನೀ ಮೀನು. ಹೆದರಿಕೊಂಡು ಓಡು.”

ಓಡಿದೆ. ಹಿಂದೆ ರಾಟೆ ಚೀರಿತು.
ಮಂಡಕ್ಕಿ ಭಟ್ಟಿಗಳ ಹೊಗೆಯೊಳಗಿಂದ
ಹೆಂಗಸರು ಜರಡಿ ಹಿಡಿದಂತೆಯೇ ನಿಂತು ನೋಡಿದರು.
ಚಹಾದಂಗಡಿ ತಿಪ್ಪೇಶಿ ಕೂಗಿದ:
“ಏನ್ರೀ ಆಚಾರ್ರೇ, ಹುಡುಗನ್ನ ಗಾಳಕ್ಕೆ ಹಾಕೀರಿ?”
ಬಲಕ್ಕೆ ಎಳೆದೆ, ದಾರ ಬಂತು.
ಎಡಕ್ಕೆ ತಿರುಗಿದೆ, ಬಂತು.
ಇದ್ದಷ್ಟೂ ಆಕ್ಸಿಲರೇಟರ್ ಹಿಂಡಿದೆ, ಆಗಲೂ ಬಂತು,
ಆದರೆ ಬೆನ್ನಿನ ಮೇಲೆ ಯಾರೋ ಅಂಗೈ ಇಟ್ಟ ಹಾಗೆ
ಒಂದೇ ಭಾರ, ಹೆಚ್ಚಿಲ್ಲ, ಕಮ್ಮಿಯಿಲ್ಲ.
ನಿಜ ಹೇಳಬೇಕೆಂದರೆ ಹಿತವಾಗಿತ್ತು.

ಆಮೇಲೆ ನೀರಿನ ಟ್ಯಾಂಕರ್ ಅಡ್ಡ ಬಂತು.
ದಾರ ಪಟ್ಟೆಂದಿತು.
ಅಂಗೈ ಬೆನ್ನಿಂದ ಎದ್ದುಹೋಯಿತು.
ಗಾಡಿ ಮುಂದಕ್ಕೆ ಜಿಗಿದು ನಾನು ಬಿದ್ದದ್ದು
ಚಿಕ್ಕಮ್ಮ ಜೈಬುನ್ನಿಸಾಳ ಭಟ್ಟಿಯ ಬಾಗಿಲಲ್ಲಿ,
ಅಕ್ಕಿಗೆಂದು ಕಲಸಿಟ್ಟ ಉಪ್ಪುನೀರಿನ ಕೊಪ್ಪರಿಗೆಯೊಳಗೆ.
ಬಾಯಿ ತುಂಬ ಉಪ್ಪು. ಕಣ್ಣಲ್ಲಿ ಉಪ್ಪು.
ತರಚಿದ ಮೊಣಕೈ ಉರಿಯುತ್ತ ಎದ್ದು ನೋಡಿದರೆ
ಆ ತುದಿಯಲ್ಲಿ ಆಚಾರ್ರು, ಬಿಲ್ಲೆಯ ಮೇಲೆ ಬೆರಳಿಟ್ಟು
ಬಿಸಿ ನೋಡುತ್ತಿದ್ದರು. ನನ್ನನ್ನಲ್ಲ.

ಹುಣ್ಣಿಮೆ ಕಳೆದು ಮೂರನೇ ದಿನ ಫೋನು.
ಮೊಗೇರರ ದನಿ ಗಾಳಿಗೆ ಹರಿದು ಹರಿದು ಬಂತು:
ಎರಡೂವರೆ ಗಂಟೆ.
ಆಳಿಗಿಂತ ಉದ್ದ. ಬೆನ್ನ ರೆಕ್ಕೆ ಬಿಚ್ಚಿದರೆ ನೀಲಿ ಹಾಯಿ.
ಏಳು ಸಲ ನೀರು ಬಿಟ್ಟು ಮೇಲೆದ್ದಿತು,
ಹಿಡಿದವನ ಅಂಗೈ ಸುಲಿದು, ಇನ್ನೊಬ್ಬ ಹಿಡಿದ,
ಕೊನೆಗೆ ದೋಣಿಯ ಮಗ್ಗುಲಿಗೆ ಬಂದು ಮಲಗಿತು.
ಕಣ್ಣು ನೋಡಿದೆ, ಆಚಾರ್ರೇ, ಬಟ್ಟಲಿನಷ್ಟು.
ಕೈ ಚಾಚುವಷ್ಟರಲ್ಲಿ ಗಂಟು ಬಿಚ್ಚಿತು.
ಗಂಟು ನಾನು ಹಾಕಿದ್ದು. ನಿಮ್ಮ ರಾಟೆಯ ತಪ್ಪಲ್ಲ.

ಆಚಾರ್ರು ಕೇಳಿದ್ದು ಇಷ್ಟೇ:
“ಬಿಲ್ಲೆ ಬಿಸಿಯಾಗಿತ್ತಾ?”
“ಮುಟ್ಟಬಹುದಿತ್ತು.”
“ಹ್ಞಾಂ,” ಅಂದು ಫೋನು ನನ್ನ ಕೈಗಿಟ್ಟು
ಲೇತಿನ ಕಡೆ ನಡೆದರು.

ಗಂಟು ಬಿಚ್ಚಿದ ಮೇಲೆ ಮೀನು
ತಕ್ಷಣ ಓಡಿತಾ,
ಇಲ್ಲಾ, ಬೆನ್ನಿನ ಭಾರ ಎಲ್ಲಿ ಹೋಯಿತೆಂದು
ಒಂದು ಗಳಿಗೆ ಅಲ್ಲೇ ನಿಂತಿತಾ?
ಕೇಳಿದೆ. ಅಷ್ಟರಲ್ಲಿ ಲೈನು ಹೋಗಿತ್ತು.

ಲೆಕ್ಕದ ಪುಸ್ತಕದಲ್ಲಿ ಅವರ ಅಕ್ಷರ ಈಗಲೂ ಇದೆ:
ಮೀನಿನ ರಾಟೆ, ಭಟ್ಕಳ, ಎಂಟುನೂರ ಐವತ್ತು, ಜಮಾ.
ಕೆಳಗೆ ಖರ್ಚು: ದಾರ.
ಉಪ್ಪು, ಒಂದು ಕೊಪ್ಪರಿಗೆಯಷ್ಟು, ಜೈಬುನ್ನಿಸಾಗೆ.
ಮೀನಿನ ಮೊಣಕೈಗೆ ಮುಲಾಮು.